ಇನ್ಸರ್ಟ್ ಹಿಡಿತ: ಲೋಹ ಕತ್ತರಿಸುವ ಹತ್ಯಾರಗಳಲ್ಲಿ ಬದಲಿ ಅಲಗನ್ನು ಬಿಗಿಯುವ ವಿಧಾನಗಳು

ಲೇತ್, ಮಿಲ್ಲಿಂಗ್, ಬೋರಿಂಗ್ ಯಂತ್ರಗಳಲ್ಲಿ ಲೋಹ ಕತ್ತರಿಸುವ ಮೊನೆ ಒಂದು ಕಾಲಕ್ಕೆ ಹತ್ಯಾರದ ಮೈಯದೇ ಭಾಗವಾಗಿತ್ತು. ಮೊಂಡಾದರೆ ಹತ್ಯಾರವನ್ನೇ ಬಿಚ್ಚಿ ಸಾಣೆಗೆ ಹಿಡಿಯಬೇಕಿತ್ತು. ಈಗ ಬಹುಪಾಲು ಕೆಲಸ ನಡೆಯುವುದು ಇನ್ಸರ್ಟ್‌ನಿಂದ. ಇನ್ಸರ್ಟ್ ಎಂದರೆ ಹತ್ತು ಹನ್ನೆರಡು ಮಿ.ಮೀ. ಅಗಲದ, ನಾಲ್ಕೈದು ಮಿ.ಮೀ. ದಪ್ಪದ ಗಡಸು ಬಿಲ್ಲೆ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೇಯಿಸಿ ಇದನ್ನು ಮಾಡುತ್ತಾರೆ. ಸೆರಾಮಿಕ್, ಸಿ.ಬಿ.ಎನ್. (ಕ್ಯೂಬಿಕ್ ಬೋರಾನ್ ನೈಟ್ರೈಡ್), ವಜ್ರದ ತುದಿಯ ಇನ್ಸರ್ಟ್‌ಗಳೂ ಇವೆ. ಉಕ್ಕಿನ ಹೋಲ್ಡರ್ ತುದಿಯಲ್ಲಿ ಅಳತೆಗೆ ಸರಿಯಾಗಿ ಕೊರೆದ ಪಾಕೆಟ್‌ನಲ್ಲಿ ಬಿಲ್ಲೆಯನ್ನು ಕೂರಿಸಿ ಬಿಗಿಯುತ್ತಾರೆ. ಒಂದು ಮೂಲೆ ಸವೆದರೆ ಸಡಿಲಿಸಿ, ಮುಂದಿನ ಮೂಲೆಯನ್ನು ಎದುರಿಗೆ ತಂದು ಮತ್ತೆ ಬಿಗಿದರೆ ಕೆಲಸ ಮುಂದುವರಿಯುತ್ತದೆ. ಚೌಕ ಆಕಾರದ, ಎರಡೂ ಮಗ್ಗುಲು ಬಳಸಬಹುದಾದ ಇನ್ಸರ್ಟ್ ಎಂಟು ಮೊನೆ ಕೊಡುತ್ತದೆ. ತ್ರಿಕೋನದ್ದು ಆರು, 80 ಡಿಗ್ರಿ ವಜ್ರಾಕೃತಿಯದ್ದು ನಾಲ್ಕು.

ಇನ್ಸರ್ಟ್‌ನ ಕಾರ್ಬೈಡ್ ಗ್ರೇಡ್, ಮೇಲಿನ ಲೇಪ, ಚಿಪ್ ಮುರಿಯುವ ತಗ್ಗು ಇವುಗಳ ಬಗ್ಗೆ ಕ್ಯಾಟಲಾಗ್‌ಗಳು ಪುಟಗಟ್ಟಲೆ ಬರೆಯುತ್ತವೆ. ಹಿಡಿತದ ಬಗ್ಗೆ ಅಷ್ಟು ಮಾತಿಲ್ಲ. ಆದರೆ ಎಷ್ಟೇ ಒಳ್ಳೆಯ ಗ್ರೇಡ್ ಆದರೂ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಅಲುಗಿದರೆ ಮೊನೆ ಚೂರಾಗುತ್ತದೆ, ಕತ್ತರಿಸುತ್ತಿರುವ ತುಂಡಿನ, ಅಂದರೆ ಜಾಬ್‌ನ, ಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಹಿಡಿತ ಎಂದರೆ ಎಷ್ಟು ಬಲವಾಗಿ ತಿರುಪಿದೆವು ಎಂಬುದಲ್ಲ, ತಿರುಪಿದ ಬಲ ಬಿಲ್ಲೆಯನ್ನು ಯಾವ ಕಡೆಗೆ ತಳ್ಳುತ್ತದೆ ಎಂಬುದು. ಈ ಕ್ಷೇತ್ರದ ಎಲ್ಲ ವಿಧಾನಗಳನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಬಹುದು.

ಭಾರ ಹೊರುವುದು ಸೀಟ್, ಸ್ಕ್ರೂ ಅಲ್ಲ

ಸಾಧಾರಣ ಉಕ್ಕನ್ನು ಲೇತ್‌ನಲ್ಲಿ 2 ಮಿ.ಮೀ. ಆಳ, ಸುತ್ತಿಗೆ 0.3 ಮಿ.ಮೀ. ಫೀಡ್ ಕೊಟ್ಟು ಕತ್ತರಿಸುತ್ತಿದ್ದೇವೆ ಎಂದುಕೊಳ್ಳಿ. ಚಿಪ್‌ನ ಅಡ್ಡಕೊಯ್ತ 0.6 ಚದರ ಮಿ.ಮೀ. ಉಕ್ಕಿಗೆ ಚದರ ಮಿ.ಮೀ.ಗೆ ಸುಮಾರು 2,000 ನ್ಯೂಟನ್ ಬೇಕು. ಅಂದರೆ ಮೊನೆಯ ಮೇಲೆ ಕೆಳಮುಖವಾಗಿ 1,200 ನ್ಯೂಟನ್, ಹೆಚ್ಚುಕಡಿಮೆ 120 ಕಿಲೋ ಭಾರ ಬೀಳುತ್ತದೆ. ಜತೆಗೆ ಫೀಡ್‌ಗೆ ಎದುರಾಗಿ ಒಂದು ಬಲ, ಜಾಬ್‌ನಿಂದ ಹಿಂದಕ್ಕೆ ನೂಕುವ ಇನ್ನೊಂದು ಬಲ. ಇಷ್ಟನ್ನೂ ಮೂರೂವರೆ ಮಿ.ಮೀ. ದಪ್ಪದ ಒಂದು ಸ್ಕ್ರೂ ಹೊರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಪಾಕೆಟ್‌ನ ತಳ ಕೆಳಮುಖ ಬಲವನ್ನು ಹೊರುತ್ತದೆ, ಎರಡು ಪಕ್ಕದ ಗೋಡೆಗಳು ಉಳಿದೆರಡನ್ನು ಹೊರುತ್ತವೆ. ಕ್ಲ್ಯಾಂಪ್‌ನ ಕೆಲಸ ಬಿಲ್ಲೆಯನ್ನು ತಳಕ್ಕೂ ಎರಡು ಗೋಡೆಗಳಿಗೂ ಒಮ್ಮೆಗೇ ಆನಿಸಿ ಇಡುವುದು, ಕತ್ತರಿಸುವ ಬಲ ಬರುವ ಮುಂಚೆಯೇ ಅಲ್ಲಿ ಸಂದು ಉಳಿಯದಂತೆ ನೋಡಿಕೊಳ್ಳುವುದು. ಬಲ ಒಮ್ಮೆ ಬಂದರೆ, ನೆಟ್ಟಗೆ ರೂಪಿಸಿದ ಸೀಟ್‌ನಲ್ಲಿ ಅದೇ ಬಿಲ್ಲೆಯನ್ನು ಇನ್ನಷ್ಟು ಒಳಕ್ಕೆ ಒತ್ತುತ್ತದೆ.

ಪಾಕೆಟ್‌ನ ಮೂಲೆಯನ್ನು ಹತ್ತಿರದಿಂದ ನೋಡಿದರೆ ಎರಡು ಗೋಡೆಗಳು ಕೂಡುವಲ್ಲಿ ಒಂದು ಸಣ್ಣ ಗುಂಡಿ ಕೊರೆದಿರುವುದು ಕಾಣುತ್ತದೆ. ಬಿಲ್ಲೆಯ ಹಿಂದಿನ ಮೂಲೆ ಆ ಗುಂಡಿಯೊಳಗೆ ತೇಲುತ್ತದೆ, ಏನನ್ನೂ ಮುಟ್ಟುವುದಿಲ್ಲ. ಆ ಜಾಗ ಬಿಡದಿದ್ದರೆ ಮೂಲೆಯೇ ಮೊದಲು ತಾಗಿ, ಗೋಡೆಗಳಿಗೂ ಬಿಲ್ಲೆಗೂ ನಡುವೆ ಸಂದು ಉಳಿಯುತ್ತದೆ. ಎರಡು ಮಗ್ಗುಲ ಇನ್ಸರ್ಟ್‌ನಲ್ಲಿ ಆ ಮೂಲೆಯೂ ನಾಳೆ ಕತ್ತರಿಸಬೇಕಾದ ಮೊನೆಯೇ. ಇವತ್ತೇ ಅದು ಒತ್ತಡಕ್ಕೆ ಸಿಕ್ಕಿ ಚಕ್ಕೆ ಏಳಬಾರದು.

ಬಿಲ್ಲೆಯ ಕೆಳಗೆ ಸಾಮಾನ್ಯವಾಗಿ ಶಿಮ್ ಎಂಬ ಇನ್ನೊಂದು ಕಾರ್ಬೈಡ್ ಹಾಸು ಇರುತ್ತದೆ. ಇನ್ಸರ್ಟ್ ಓಡುವಾಗಲೇ ಒಡೆದರೆ ಪೆಟ್ಟು ಶಿಮ್‌ಗೆ ಬೀಳಲಿ, ಹೋಲ್ಡರ್ ಉಳಿಯಲಿ ಎಂಬುದು ಒಂದು ಕಾರಣ. ಉಕ್ಕಿನ ತಳಕ್ಕಿಂತ ಕಾರ್ಬೈಡ್ ತಳ ಒತ್ತಡಕ್ಕೆ ಕಡಿಮೆ ತಗ್ಗುತ್ತದೆ ಎಂಬುದು ಇನ್ನೊಂದು. ಶಿಮ್ ಕಳೆದುಹೋದ ಹೋಲ್ಡರ್‌ಗೆ ತಗಡಿನ ಚೂರು ಇಟ್ಟು ಕೆಲಸ ಸಾಗಿಸುವುದನ್ನು ಸಣ್ಣ ಶಾಪ್‌ಗಳಲ್ಲಿ ಕಾಣಬಹುದು. ತಳವೇ ಮೆತ್ತಗಾದ ಮೇಲೆ ಮೇಲಿನ ಬಿಗಿತಕ್ಕೆ ಅರ್ಥ ಉಳಿಯುವುದಿಲ್ಲ.

ಬೆಸುಗೆಯಿಂದ ಸ್ಕ್ರೂವರೆಗೆ

ಟಂಗ್‌ಸ್ಟನ್ ಕಾರ್ಬೈಡನ್ನು ಕೋಬಾಲ್ಟ್‌ನಿಂದ ಬಂಧಿಸುವ ವಿಧಾನಕ್ಕೆ ಬರ್ಲಿನ್ನಿನ ಓಸ್ರಾಮ್ ಸಂಸ್ಥೆಯ ಕಾರ್ಲ್ ಶ್ರೋಟರ್ 1923ರಲ್ಲಿ ಪೇಟೆಂಟ್ ಕೋರಿದರು. ಜರ್ಮನಿಯ ಕ್ರುಪ್ ಅದನ್ನು ವಿಡಿಯಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದು 1927ರ ಲೈಪ್‌ಜಿಗ್ ಮೇಳದಲ್ಲಿ ತೋರಿಸಿತು. ಆ ಕಾಲದ ಕಾರ್ಬೈಡ್ ಹತ್ಯಾರವೆಂದರೆ ಉಕ್ಕಿನ ಸರಳಿನ ತುದಿಗೆ ತಾಮ್ರ ಇಲ್ಲವೇ ಬೆಳ್ಳಿಯ ಮಿಶ್ರಲೋಹದಿಂದ ಬೆಸೆದ ಟಿಪ್. ನಮ್ಮ ಊರುಗಳ ಲೇತ್ ಶಾಪ್‌ಗಳಲ್ಲಿ ಇಂದಿಗೂ ವಿಡಿಯಾ ಟೂಲ್ ಎಂದರೆ ಇದೇ.

ಬೆಸುಗೆಯ ತೊಂದರೆ ಶಾಖದಲ್ಲಿದೆ. ಬಿಸಿಯಾದಾಗ ಉಕ್ಕು ಹಿಗ್ಗುವುದರ ಅರ್ಧದಷ್ಟು ಮಾತ್ರ ಕಾರ್ಬೈಡ್ ಹಿಗ್ಗುತ್ತದೆ. ಬೆಸೆದ ಟಿಪ್ 600 ಡಿಗ್ರಿಯಷ್ಟು ತಣಿಯುವ ಹೊತ್ತಿಗೆ, 12 ಮಿ.ಮೀ. ಉದ್ದದಲ್ಲಿ ಉಕ್ಕು ಕಾರ್ಬೈಡ್‌ಗಿಂತ ಸುಮಾರು 0.04 ಮಿ.ಮೀ. ಹೆಚ್ಚು ಕುಗ್ಗಿರುತ್ತದೆ. ಆ ಎಳೆತ ಟಿಪ್‌ನೊಳಗೇ ಉಳಿದು, ಸಾಣೆ ಹಿಡಿಯುವಾಗಲೋ ಮೊದಲ ಗಟ್ಟಿ ಪೆಟ್ಟಿಗೋ ಬಿರುಕಾಗಿ ಹೊರಬೀಳುತ್ತದೆ. ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರದಲ್ಲಿ ಪ್ರತಿ ಸಲ ಕೋನ ಕೆಡದಂತೆ ಸಾಣೆ ಹಿಡಿಯಲು ಪಳಗಿದ ಕೈ ಬೇಕು. ಸಾಣೆ ಹಿಡಿದ ಮೇಲೆ ಮೊನೆಯ ಎತ್ತರ, ಉದ್ದ ಎರಡೂ ಬದಲಾಗುವುದರಿಂದ ಯಂತ್ರವನ್ನು ಹೊಸದಾಗಿ ಸೆಟ್ ಮಾಡಬೇಕು.

ಬೆಸೆಯದೆ, ಯಾಂತ್ರಿಕವಾಗಿ ಹಿಡಿದು ತಿರುಗಿಸಬಲ್ಲ ಇನ್ಸರ್ಟ್ ವ್ಯವಸ್ಥೆಯನ್ನು ಅಮೆರಿಕದ ಕೆನ್ನಾಮೆಟಲ್ 1946ರಲ್ಲಿ ಕೆನ್‌ಡೆಕ್ಸ್ ಹೆಸರಿನಲ್ಲಿ ತಂದಿತು. ಸ್ವೀಡನ್ನಿನ ಸ್ಯಾಂಡ್ವಿಕ್ ಮುಂತಾದವರು 1950ರ ದಶಕದಲ್ಲಿ ಇದೇ ದಾರಿ ಹಿಡಿದರು. 1969ರಲ್ಲಿ ಲೇಪ ಹಚ್ಚಿದ ಇನ್ಸರ್ಟ್‌ಗಳು ಬಂದವು. ಲೇಪದ ದಪ್ಪ ಕೆಲವೇ ಮೈಕ್ರಾನ್. ಸಾಣೆ ಹಿಡಿದರೆ ಹೋಗಿಬಿಡುವಂಥದ್ದು. ಹೀಗಾಗಿ ಬಳಸಿ ಬಿಸಾಡುವ ಬಿಲ್ಲೆಯ ಪದ್ಧತಿ ನೆಲೆಯೂರಿತು. ಭಾರತದಲ್ಲಿ ಇದರ ಬೇರು ಬೆಂಗಳೂರಿನಲ್ಲಿದೆ. 1953ರಲ್ಲಿ ಯಂತ್ರ ತಯಾರಿಕೆಯ ಎಚ್.ಎಂ.ಟಿ., 1962ರಲ್ಲಿ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಎಂದು ಈಗ ಕರೆಯುವ ಸಿ.ಎಂ.ಟಿ.ಐ., 1964ರಲ್ಲಿ ತುಮಕೂರು ರಸ್ತೆಯ ವಿಡಿಯಾ ಇಂಡಿಯಾ ಕಾರ್ಖಾನೆ ಬಂದವು. ಯಂತ್ರ, ಅದರ ಸಂಶೋಧನೆ, ಅದರ ಹಲ್ಲು ಮೂರೂ ಒಂದೇ ಊರಿನಲ್ಲಿ ಬೆಳೆದವು. 2002ರಲ್ಲಿ ಕೆನ್ನಾಮೆಟಲ್ ಜಾಗತಿಕವಾಗಿ ವಿಡಿಯಾವನ್ನು ಕೊಂಡ ಮೇಲೆ ಬೆಂಗಳೂರಿನ ಆ ಕಾರ್ಖಾನೆ ಕೆನ್ನಾಮೆಟಲ್ ಇಂಡಿಯಾ ಆಯಿತು. ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಸಾವಿರಾರು ಸಣ್ಣ ಘಟಕಗಳಿಗೆ ಇನ್ಸರ್ಟ್ ಹೊಸದಲ್ಲ, ದಿನಬಳಕೆಯ ಸಾಮಾನು.

ಹೋಲ್ಡರ್‌ನ ಮೊದಲ ಅಕ್ಷರ

ಲೇತ್ ಹೋಲ್ಡರ್‌ಗಳ ಹೆಸರಿಡುವ ಐ.ಎಸ್.ಒ. 5608 ಮಾನಕದಲ್ಲಿ ಮೊದಲ ಅಕ್ಷರವೇ ಹಿಡಿತದ ಬಗೆಯನ್ನು ಹೇಳುತ್ತದೆ. ಪಿ.ಸಿ.ಎಲ್.ಎನ್.ಆರ್. 2525 ಎಂ 12 ಎಂಬ ಹೋಲ್ಡರನ್ನು ತೆಗೆದುಕೊಳ್ಳಿ. ಪಿ ಅಂದರೆ ತೂತಿನ ಮೂಲಕ ಹಿಡಿತ, ಸಿ ಅಂದರೆ 80 ಡಿಗ್ರಿ ಬಿಲ್ಲೆ, ಎಲ್ ಅಂದರೆ 95 ಡಿಗ್ರಿ ಅಂಚಿನ ಕೋನ, ಎನ್ ಅಂದರೆ ಬಿಲ್ಲೆಯ ಪಕ್ಕ ನೆಟ್ಟಗಿದೆ, ಆರ್ ಅಂದರೆ ಬಲಗೈ. 25 ಮಿ.ಮೀ. ಚೌಕದ ಮೈ, 150 ಮಿ.ಮೀ. ಉದ್ದ, 12ರ ಅಳತೆಯ ಇನ್ಸರ್ಟ್. ಇದಕ್ಕೆ ಕೂರುವುದು ಸಿ.ಎನ್.ಎಂ.ಜಿ. 120408. ಅದರ ದಪ್ಪ 4.76 ಮಿ.ಮೀ., ಮೂಗಿನ ತ್ರಿಜ್ಯ 0.8 ಮಿ.ಮೀ.

ಪಿ ಬಗೆಯ ಒಳಗೆ ಇರುವುದು ಎಲ್ ಆಕಾರದ ಒಂದು ಲಿವರ್. ಅದರ ನಿಂತ ತೋಳು ಶಿಮ್ ದಾಟಿ ಮೇಲೆ ಬಂದು ಇನ್ಸರ್ಟ್‌ನ ತೂತಿನೊಳಗೆ ತಲೆ ಎತ್ತಿರುತ್ತದೆ. ಮಲಗಿದ ತೋಳಿನ ತುದಿ ಪಕ್ಕದ ಸ್ಕ್ರೂವಿನ ಕೊರಳಲ್ಲಿ ಸಿಕ್ಕಿಕೊಂಡಿರುತ್ತದೆ. ಅಲೆನ್ ಕೀ ಹಾಕಿ ತಿರುಪಿದರೆ ಸ್ಕ್ರೂ ಮಲಗಿದ ತೋಳನ್ನು ಕೆಳಗೆ ಒತ್ತುತ್ತದೆ. ಲಿವರ್ ತನ್ನ ಹಿಮ್ಮಡಿಯ ಮೇಲೆ ಹೊರಳುತ್ತದೆ, ನಿಂತ ತೋಳು ಹಿಂದಕ್ಕೆ ವಾಲಿ ಬಿಲ್ಲೆಯನ್ನು ಪಾಕೆಟ್‌ನ ಮೂಲೆಯತ್ತ ಎಳೆಯುತ್ತದೆ. ಬಿಲ್ಲೆ ಜಾರಿ ಎರಡೂ ಗೋಡೆಗಳಿಗೆ ಒರಗಿಕೊಳ್ಳುವುದು ಬೆರಳಿಗೆ ಗೊತ್ತಾಗುತ್ತದೆ. ಸ್ಕ್ರೂವನ್ನು ಪೂರ್ತಿ ಬಿಚ್ಚಬೇಕಾಗಿಲ್ಲ, ಎರಡು ಮೂರು ಸುತ್ತು ಸಡಿಲಿಸಿದರೆ ಬಿಲ್ಲೆ ಕೈಗೆ ಬರುತ್ತದೆ. ಬಿಲ್ಲೆಯ ಮೇಲೆ ಏನೂ ಇಲ್ಲದಿರುವುದರಿಂದ ಚಿಪ್ ತಡೆಯಿಲ್ಲದೆ ಸರಿದುಹೋಗುತ್ತದೆ. ಒಂದೇ ಬಗೆಯ ಜಾಬ್ ಸಾವಿರಗಟ್ಟಲೆ ಮಾಡುವ ಸಿ.ಎನ್.ಸಿ. ಲೇತ್‌ಗಳಲ್ಲಿ ಈ ಬಗೆ ಬೇರೂರಿದ್ದು ಇದಕ್ಕೇ. ಕೊರತೆ ಇರುವುದು ಒಂದು ಕಡೆ: ಲಿವರ್ ಹಿಂದಕ್ಕೆ ಎಳೆಯುವಷ್ಟು ಬಲವಾಗಿ ಕೆಳಕ್ಕೆ ಒತ್ತುವುದಿಲ್ಲ. ಮೊನೆ ಲೋಹದಿಂದ ಹೊರಬಂದು ಮತ್ತೆ ಒಳಹೊಗುವ ತುಂಡು ತುಂಡು ಕತ್ತರಿಕೆಯಲ್ಲಿ, ಪ್ರತಿ ಸಲವೂ ಬಿಲ್ಲೆ ಎದ್ದು ಕೂತಂತಾಗುತ್ತದೆ.

ಎಸ್ ಬಗೆಯಲ್ಲಿ ಬಿಲ್ಲೆಯ ತೂತಿನಲ್ಲೇ ಓರೆ ತಲೆಯ ಸ್ಕ್ರೂ ಹೋಗುತ್ತದೆ. ನೋಡಲು ಇದಕ್ಕಿಂತ ಸರಳವಾದದ್ದಿಲ್ಲ, ಒಳಗೆ ಒಂದು ನಾಜೂಕು ಇದೆ. ಹೋಲ್ಡರ್‌ನಲ್ಲಿ ಕೊರೆದ ಮರೆಯ (ಥ್ರೆಡ್‌ನ) ತೂತು ಬಿಲ್ಲೆಯ ತೂತಿಗೆ ನೇರ ಕೆಳಗಿರುವುದಿಲ್ಲ, ಮೂಲೆಯ ಕಡೆಗೆ ಕೂದಲೆಳೆಯಷ್ಟು ಸರಿದಿರುತ್ತದೆ. ಸ್ಕ್ರೂ ಇಳಿಯುತ್ತ ಹೋದಂತೆ ಓರೆ ತಲೆ ಬಿಲ್ಲೆಯ ತೂತಿನ ಮೂಲೆಯ ಕಡೆಯ ಗೋಡೆಗೆ ತಾಗಿ, ಬಿಲ್ಲೆಯನ್ನು ಕೆಳಕ್ಕೂ ಹಿಂದಕ್ಕೂ ಒಟ್ಟಿಗೇ ದೂಡುತ್ತದೆ. ಸ್ಕ್ರೂವಿನ ಕಂಬ ತುಸು ಬಾಗಿ ಸ್ಪ್ರಿಂಗ್‌ನಂತೆ ಒತ್ತಿಹಿಡಿಯುತ್ತದೆ. ಸಿ.ಸಿ.ಎಂ.ಟಿ. 09ಟಿ304ರಂಥ 7 ಡಿಗ್ರಿ ಪಕ್ಕದ ಇನ್ಸರ್ಟ್‌ಗಳಿಗೆ, ಸಣ್ಣ ಬೋರಿಂಗ್ ಬಾರ್‌ಗಳಿಗೆ, ಇಂಡೆಕ್ಸಬಲ್ ಡ್ರಿಲ್‌ಗಳಿಗೆ ಇದೇ ಹಿಡಿತ, ಏಕೆಂದರೆ ಅಲ್ಲಿ ಲಿವರ್ ಕೂರಿಸಲು ಜಾಗವೇ ಇಲ್ಲ. 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ರೂಪಿಸಿದ ಆರು ಮೂಲೆಯ ಟಾರ್ಕ್ಸ್ ತಲೆ ಇಲ್ಲದಿದ್ದರೆ ಈ ಬಗೆ ಇಷ್ಟು ಹರಡುತ್ತಿರಲಿಲ್ಲ. ಅಷ್ಟು ಸಣ್ಣ ತಲೆಗೆ ಅಲೆನ್ ಕೀ ಹಾಕಿದರೆ ಮೂಲೆಗಳು ಬೇಗ ಉರುಟಾಗುತ್ತವೆ.

ಸಿ ಬಗೆ ಎಲ್ಲಕ್ಕಿಂತ ಹಳೆಯದು, ಮೇಲಿನಿಂದ ಒತ್ತುವ ಕ್ಲ್ಯಾಂಪ್ ಮಾತ್ರ. ತೂತಿಲ್ಲದ ಬಿಲ್ಲೆಗೆ ಬೇರೆ ದಾರಿಯಿಲ್ಲ. ಸೆರಾಮಿಕ್ ಇನ್ಸರ್ಟ್‌ಗೆ ತೂತು ಕೊರೆದರೆ ಬಲ ಕುಗ್ಗುವುದರಿಂದ ಅಲ್ಲಿ ಇದು ಇನ್ನೂ ಉಳಿದಿದೆ.

ಎಂ ಬಗೆ ಎರಡು ಕಡೆಯಿಂದ ಹಿಡಿಯುತ್ತದೆ, ತೂತಿನಲ್ಲಿ ಪಿನ್, ಮೇಲೆ ಕ್ಲ್ಯಾಂಪ್. ಇದರಲ್ಲೇ ಒಂದು ಕವಲು ಬೆಣೆ ಹಿಡಿತ. ಎಂ.ಟಿ.ಜೆ.ಎನ್.ಆರ್. ಹೋಲ್ಡರ್‌ನಲ್ಲಿ ತ್ರಿಕೋನ ಬಿಲ್ಲೆಯ ಬೆನ್ನಿಗೂ ಹೋಲ್ಡರ್‌ನ ಗೋಡೆಗೂ ನಡುವೆ ಬೆಣೆಯಾಕಾರದ ತುಂಡು ಇಳಿಯುತ್ತದೆ. ಅದು ಬಿಲ್ಲೆಯನ್ನು ಮುಂದಕ್ಕೆ, ಪಿನ್‌ನ ಮೇಲಕ್ಕೆ ದೂಡುತ್ತದೆ. ಹಿಡಿತ ಬಲವಾಗಿದ್ದರೂ ಬಿಲ್ಲೆಯ ಜಾಗ ನಿಶ್ಚಯವಾಗುವುದು ನಯವಾಗಿ ಉಜ್ಜಿದ ಗೋಡೆಯಿಂದಲ್ಲ, ತೂತಿನ ಅಳತೆಯಿಂದ. ಹೀಗಾಗಿ ಮೂಲೆ ತಿರುಗಿಸಿದಾಗ ಅಳತೆ ತುಸು ಸರಿಯುತ್ತದೆ. ಇಂದು ಬಹಳಷ್ಟು ಕಂಪನಿಗಳು ಡಿ ಅಕ್ಷರದಿಂದ ಗುರುತಿಸುವ ಹಿಡಿತ ಈ ಕೊರತೆಯನ್ನು ತುಂಬುತ್ತದೆ. ಮೇಲಿನ ಕ್ಲ್ಯಾಂಪ್‌ನ ಕೊಕ್ಕು ಬಿಲ್ಲೆಯ ತೂತಿನೊಳಕ್ಕೆ ಬಾಗಿರುತ್ತದೆ. ಒಂದೇ ಸ್ಕ್ರೂ ತಿರುಪಿದಾಗ ಅದು ಮೊದಲು ಹಿಂದಕ್ಕೆ ಎಳೆದು, ಬಳಿಕ ಕೆಳಕ್ಕೆ ಅಮುಕುತ್ತದೆ. ತಳ, ಎರಡು ಗೋಡೆ ಮೂರಕ್ಕೂ ಬಿಲ್ಲೆ ಆನಿಕೊಳ್ಳುತ್ತದೆ. ಒರಟು ಕತ್ತರಿಕೆಗೆ ಲೇತ್ ಹೋಲ್ಡರ್ ಕೊಳ್ಳುವವರು ಪಿ ಮತ್ತು ಡಿ ನಡುವೆ ಬೆಲೆಯ ವ್ಯತ್ಯಾಸ ನೋಡಿ ಹಿಂಜರಿಯಬಾರದು. ಒಡೆಯದೆ ಉಳಿದ ಇನ್ಸರ್ಟ್‌ಗಳೇ ಆ ದುಡ್ಡನ್ನು ಹಿಂದಿರುಗಿಸುತ್ತವೆ.

ಬಿಲ್ಲೆಯನ್ನು ಎಷ್ಟು ಬಾರಿ ತಿರುಗಿಸಿದರೂ ಮೊನೆ ಅದೇ ಜಾಗಕ್ಕೆ ಬರಬೇಕೆಂಬ ಆಸೆ ಹಿಡಿತದಿಂದ ಮಾತ್ರ ಈಡೇರುವುದಿಲ್ಲ. ಎಂ ದರ್ಜೆಯ 12.7 ಮಿ.ಮೀ. ಇನ್ಸರ್ಟ್‌ಗೆ ಅಗಲದಲ್ಲಿ 0.08 ಮಿ.ಮೀ. ಹೆಚ್ಚುಕಡಿಮೆಗೆ ಅವಕಾಶವಿದೆ, ಉಜ್ಜಿ ಮಾಡಿದ ಜಿ ದರ್ಜೆಯಲ್ಲಿ 0.025ಕ್ಕೆ ಮಾತ್ರ. ಹೊಸ ಬಿಲ್ಲೆ ಹಾಕಿದ ಮೇಲೆ ಮೊದಲ ಜಾಬನ್ನು ಮೈಕ್ರೋಮೀಟರ್‌ನಿಂದ ಅಳೆದು ಆಫ್‌ಸೆಟ್ ತಿದ್ದುವ ಅಭ್ಯಾಸ ಇದರಿಂದಲೇ ಬಂದದ್ದು.

ತಿರುಗುವ ಕಟರ್, ತುಂಡರಿಸುವ ಬ್ಲೇಡ್

ಮಿಲ್ಲಿಂಗ್ ಕಟರ್‌ನಲ್ಲಿ ಬಿಲ್ಲೆಯೇ ತಿರುಗುವುದರಿಂದ ಹೊರಕ್ಕೆ ಎಸೆಯುವ ಬಲ ಸೇರಿಕೊಳ್ಳುತ್ತದೆ. 50 ಮಿ.ಮೀ. ವ್ಯಾಸದ ಕಟರ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ, 5 ಗ್ರಾಂ ತೂಗುವ ಬಿಲ್ಲೆಯ ಮೇಲೆ ಸುಮಾರು 137 ನ್ಯೂಟನ್ ಎಳೆತ ಬೀಳುತ್ತದೆ. ಬಿಲ್ಲೆಯ ತೂಕಕ್ಕಿಂತ ಸುಮಾರು 2,800 ಪಟ್ಟು. ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಹೆಚ್ಚಿನ ವೇಗದ ಕಟರ್‌ಗಳ ಸುರಕ್ಷತೆಗೆಂದೇ ಐ.ಎಸ್.ಒ. 15641 ಎಂಬ ಪ್ರತ್ಯೇಕ ಮಾನಕವಿದೆ. ಫೇಸ್ ಮಿಲ್‌ಗಳಲ್ಲಿ ಹಳೆಯ ಬೆಣೆ ಹಿಡಿತಕ್ಕೆ ಈಗಲೂ ಜಾಗವಿದೆ. ಕೆಲವು ವಿನ್ಯಾಸಗಳಲ್ಲಿ ಎಸೆಯುವ ಬಲವೇ ಬೆಣೆಯನ್ನು ಗಟ್ಟಿಯಾಗಿ ಸಿಕ್ಕಿಸುತ್ತದೆ. ಬಿಲ್ಲೆಗೂ ತಳಕ್ಕೂ ಒಂದಕ್ಕೊಂದು ಹೊಂದುವ ಏಣು ಕೊರೆದು, ಜಾರುವ ಭಾರವನ್ನು ಸ್ಕ್ರೂವಿನಿಂದ ಏಣುಗಳಿಗೆ ವರ್ಗಾಯಿಸುವುದು ಇತ್ತೀಚಿನ ದಾರಿ.

ಸರಳನ್ನು ತುಂಡರಿಸುವ ಪಾರ್ಟಿಂಗ್ ಬ್ಲೇಡ್ ಇನ್ನೊಂದು ಲೋಕ. ಮೂರು ಮಿ.ಮೀ. ಅಗಲದ ಬ್ಲೇಡ್‌ಗೆ ಸ್ಕ್ರೂ ಹಾಕುವ ಜಾಗವೇ ಇಲ್ಲ. ಬ್ಲೇಡ್ ತುದಿಯಲ್ಲಿ ಸೀಳಿದ ಬಾಯಿಯ ಸ್ಪ್ರಿಂಗ್ ಹಿಡಿತಕ್ಕೆ, ವಿ ಆಕಾರದ ತೋಡು ಹೊತ್ತ ಬೆಣೆಯಂಥ ಇನ್ಸರ್ಟನ್ನು ದೂಡಿ ಕೂರಿಸುತ್ತಾರೆ. ಕೆಲಸ ಮಾಡಿದಷ್ಟೂ, ಗುದ್ದಲಿ ಕಾವಿಗೆ ಹೊಡೆದ ಬೆಣೆಯಂತೆ, ಅದು ಇನ್ನಷ್ಟು ಒಳಸೇರುತ್ತದೆ. ಇಸ್ರೇಲಿನ ಇಸ್ಕಾರ್ ಸೆಲ್ಫ್ ಗ್ರಿಪ್ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿತು. ಇಲ್ಲಿ ಕತ್ತರಿಸುವ ಬಲವೇ ಕ್ಲ್ಯಾಂಪ್. ಆದರೆ ಬ್ಲೇಡನ್ನು ಪಕ್ಕಕ್ಕೆ ಸರಿಸಿ ತಿರುವುವ ಕೆಲಸಕ್ಕೆ ಈ ಹಿಡಿತ ತಕ್ಕದ್ದಲ್ಲ. ಅದಕ್ಕೆ ಸ್ಕ್ರೂವಿನಿಂದ ಬಾಯಿ ಮುಚ್ಚುವ ಬೇರೆ ಹೋಲ್ಡರ್‌ಗಳಿವೆ.

ನೀಲಗಿರಿಯ ಚಹಾ ರೋಲರ್‌ನ ಮುಂದೆ

ಹಿಡಿತದ ಕಠಿಣ ಪರೀಕ್ಷೆ ನೋಡಬೇಕೆಂದರೆ ದೊಡ್ಡ ಕೈಗಾರಿಕಾ ನಗರಕ್ಕೇ ಹೋಗಬೇಕಿಲ್ಲ. ಕೂನೂರು, ಕೋತಗಿರಿ, ಗೂಡಲೂರುಗಳ ಚಹಾ ಕಾರ್ಖಾನೆಗಳಿಗೆ ರೋಲರ್ ಸಾಣೆ ಹಿಡಿದುಕೊಡುವ ಕೆಲಸದಲ್ಲಿ ಅದು ದಿನವೂ ನಡೆಯುತ್ತದೆ. ನೀಲಗಿರಿಯ ಬಡಗ ರೈತರು ಮತ್ತು ಇತರ ಸಣ್ಣ ಹಿಡುವಳಿದಾರರು ಕಿತ್ತ ಹಸಿರೆಲೆಯ ಬಹುಭಾಗ ಸಿ.ಟಿ.ಸಿ. ಚಹಾ ಆಗುತ್ತದೆ. ಎಲೆಯನ್ನು ಅರೆದು, ಹರಿದು, ಸುರುಳಿಸುವ ಸಿ.ಟಿ.ಸಿ. ಯಂತ್ರವನ್ನು 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕ್‌ಕರ್ಚರ್ ರೂಪಿಸಿದರು. ಎದುರುಬದುರು ತಿರುಗುವ ಎರಡು ಹಲ್ಲಿನ ರೋಲರ್‌ಗಳು ಅದರ ಜೀವ. ಒಂದು ನಿಮಿಷಕ್ಕೆ ಸುಮಾರು 70 ಸುತ್ತು ತಿರುಗಿದರೆ ಇನ್ನೊಂದು ಸುಮಾರು 700. ಈ ಹತ್ತು ಪಟ್ಟು ವ್ಯತ್ಯಾಸದಲ್ಲೇ ಎಲೆ ಹರಿಯುತ್ತದೆ.

ರೋಲರ್ ಒಂದೇ ಗಟ್ಟಿ ಉರುಳೆಯಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನ ಬಳೆಯಂಥ ಸೆಗ್ಮೆಂಟ್‌ಗಳನ್ನು ಶಾಫ್ಟ್‌ಗೆ ಸಾಲಾಗಿ ಪೋಣಿಸಿ, ಕೀ ಹಾಕಿ, ತುದಿಯ ಕಾಲರ್ ಮತ್ತು ನಟ್‌ನಿಂದ ಒತ್ತಿ ಬಿಗಿದಿರುತ್ತಾರೆ. ಇದೂ ಬದಲಿಸಬಲ್ಲ ಕತ್ತರಿಸುವ ತುಂಡಿನ ಹಿಡಿತವೇ, ಗಾತ್ರ ದೊಡ್ಡದು ಅಷ್ಟೇ. ತಿರುಚುವ ಭಾರವನ್ನು ಕೀ ಹೊರುತ್ತದೆ. ನಟ್ ಮಾಡುವುದು ಸೆಗ್ಮೆಂಟ್‌ಗಳ ನಡುವೆ ಸಂದು ಬಿಡದಂತೆ ಒಂದಕ್ಕೊಂದು ಆನಿಸುವ ಕೆಲಸ. ಎರಡು ಸೆಗ್ಮೆಂಟ್‌ಗಳ ನಡುವೆ ಕಸವೋ ಲೋಹದ ಬರ್ರೋ ಸಿಕ್ಕಿಕೊಂಡರೆ ಪೂರ್ತಿ ಶಾಫ್ಟ್ ಬಾಗಿದಂತೆ ಅಲುಗುತ್ತದೆ. ಕೂಡುವ ಮುಖ ಚೊಕ್ಕಟವಾಗಿರಬೇಕು ಎಂಬ ನಿಯಮ ಸಿ.ಎನ್.ಎಂ.ಜಿ. ಬಿಲ್ಲೆಗೆಷ್ಟೋ ಇದಕ್ಕೂ ಅಷ್ಟೇ.

ಎಲೆಯ ನಾರು, ಜತೆಗೆ ಬರುವ ಮಣ್ಣು ಮರಳಿನಿಂದ ಹಲ್ಲು ಮೊಂಡಾಗುತ್ತದೆ. ಮೊಂಡು ಹಲ್ಲು ಎಲೆಯನ್ನು ಕತ್ತರಿಸುವ ಬದಲು ಹಿಸುಕುತ್ತದೆ, ಎಲೆ ಬಿಸಿಯಾಗುತ್ತದೆ, ಚಹಾದ ದರ್ಜೆ ಇಳಿಯುತ್ತದೆ. ಆದ್ದರಿಂದ ರೋಲರ್‌ಗಳನ್ನು ಆಗಾಗ ಬಿಚ್ಚಿ, ಮೈಯನ್ನು ತೆಳುವಾಗಿ ಟರ್ನ್ ಮಾಡಿ ಸವೆದ ತುದಿ ತೆಗೆದು, ಉದ್ದಕ್ಕೆ ಓರೆಯಾಗಿ ಸಾಗುವ ಗ್ರೂವ್‌ಗಳನ್ನು ಮಿಲ್ಲಿಂಗ್‌ನಿಂದ, ಸುತ್ತಲೂ ಸಾಗುವ ಗ್ರೂವ್‌ಗಳನ್ನು ಚೇಸಿಂಗ್‌ನಿಂದ ಹೊಸದಾಗಿ ಕೊರೆಯುತ್ತಾರೆ.

ಆ ಟರ್ನಿಂಗ್ ಹೊತ್ತನ್ನು ಗಮನಿಸಬೇಕು. 8 ಇಂಚು ವ್ಯಾಸದ ರೋಲರ್‌ನ ಸುತ್ತಳತೆ ಸುಮಾರು 25 ಇಂಚು. ಇಂಚಿಗೆ 8 ಹಲ್ಲಿನ ಲೆಕ್ಕದಲ್ಲಿ ಸುತ್ತಲೂ 200 ಹಲ್ಲು. ಲೇತ್‌ನಲ್ಲಿ ನಿಮಿಷಕ್ಕೆ 60 ಸುತ್ತಿನಂತೆ ನಿಧಾನವಾಗಿ ತಿರುಗಿಸಿದರೂ ಟೂಲ್‌ನ ಮೊನೆ ಸೆಕೆಂಡಿಗೆ 200 ಸಲ ಲೋಹಕ್ಕೆ ಹೊಕ್ಕು 200 ಸಲ ಹೊರಬೀಳುತ್ತದೆ. ಕಣ್ಣಿಗೆ ರೋಲರ್ ನಯವಾಗಿ ತಿರುಗುತ್ತಿರುವಂತೆ ಕಾಣುತ್ತದೆ, ಬಿಲ್ಲೆಯ ಪಾಲಿಗೆ ಅದು ನಿಲ್ಲದ ಸುತ್ತಿಗೆ ಪೆಟ್ಟು. ಲಿವರ್ ಹಿಡಿತದ ಕೊರತೆ ಎದ್ದು ಕಾಣುವುದು ಇಲ್ಲೇ. ಕೆಳಕ್ಕೆ ಅಮುಕುವ ಬಲ ಕಡಿಮೆಯಿದ್ದರೆ ಬಿಲ್ಲೆ ಶಿಮ್ ಮೇಲೆ ಕಣ್ಣಿಗೆ ಕಾಣದಷ್ಟು ಕುಣಿಯುತ್ತದೆ. ತೂತಿನೊಳಕ್ಕೂ ಮೇಲಿನಿಂದಲೂ ಹಿಡಿಯುವ ಡಿ ಅಥವಾ ಎಂ ಬಗೆ ಇಂಥ ಕಡೆ ಹೆಚ್ಚು ತಾಳುತ್ತದೆ.

ಸ್ಟೇನ್‌ಲೆಸ್ ಸ್ಟೀಲ್‌ನ ಸ್ವಭಾವ ಇದನ್ನು ಇನ್ನಷ್ಟು ಬಿಗಿಯಾದ ಪರೀಕ್ಷೆಯಾಗಿಸುತ್ತದೆ. ಆಸ್ಟೆನೈಟ್ ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಉಜ್ಜಿದಷ್ಟೂ ಗಡಸಾಗುತ್ತದೆ. ಮೊನೆ ಅಲುಗಿ ಕತ್ತರಿಸುವ ಬದಲು ಸವರಿಕೊಂಡು ಹೋದರೆ ಮುಂದಿನ ಸುತ್ತಿಗೆ ಎದುರಾಗುವುದು ಗಡಸಾದ ಪದರ. ಆ ಪದರ ಮೊನೆಯನ್ನು ಮತ್ತೂ ಬೇಗ ತಿನ್ನುತ್ತದೆ. ಬಿಲ್ಲೆ ಸಡಿಲವಾದ್ದರಿಂದ ಶುರುವಾದ ಕೇಡು ಕೊನೆಗೆ ರೋಲರ್‌ನ ಮೈಮೇಲೆ ಉಳಿಯುತ್ತದೆ. ಚೇಸಿಂಗ್ ಟೂಲ್‌ನ ವಿಷಯ ಬೇರೆ. ಗ್ರೂವ್‌ನ ಪೂರ್ತಿ ಆಕಾರ ಅದರ ಮೊನೆಯಲ್ಲೇ ಇರುವುದರಿಂದ, ಬಿಚ್ಚಿ ಕೂರಿಸಿದಾಗ ಅದು ಪಕ್ಕಕ್ಕೆ ಎಷ್ಟು ಸರಿಯಿತೋ ಅಷ್ಟು ಹಲ್ಲು ಸೊಟ್ಟಗಾಗುತ್ತದೆ. ಅಲ್ಲಿ ಬೇಕಾದದ್ದು ಬಲಕ್ಕಿಂತ ಮೊದಲು ಅದೇ ಜಾಗಕ್ಕೆ ಮರಳುವ ಗುಣ.

ಇದರ ನಡುವೆಯೂ ಬೆಸೆದ ಟಿಪ್ ಮತ್ತು ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಟೂಲ್‌ಗಳು ಬೆಟ್ಟದ ಶಾಪ್‌ಗಳಿಂದ ಮಾಯವಾಗಿಲ್ಲ, ಮಾಯವಾಗಬೇಕಾಗಿಯೂ ಇಲ್ಲ. ಹಳೆಯ, ಬೇರಿಂಗ್ ಸವೆದ ಲೇತ್‌ನಲ್ಲಿ ಕಾರ್ಬೈಡ್ ಬಿಲ್ಲೆ ತನ್ನ ವೇಗಕ್ಕೆ ಏರಲಾರದು. ಬೇಕಾದ ಬಿಲ್ಲೆ ಮುಗಿದರೆ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕು, ಸಾಣೆಯ ಚಕ್ರವಾದರೆ ಶಾಪ್‌ನಲ್ಲೇ ಇದೆ. ನೈಋತ್ಯ ಮುಂಗಾರು, ಈಶಾನ್ಯ ಹಿಂಗಾರು ಎರಡೂ ತಟ್ಟುವ ಈ ಜಿಲ್ಲೆಯಲ್ಲಿ, ಅದರಲ್ಲೂ ಗೂಡಲೂರಿನ ಮಳೆಗಾಲದಲ್ಲಿ, ಬಳಸದೆ ಇಟ್ಟ ಹೋಲ್ಡರ್‌ನ ಪಾಕೆಟ್‌ಗೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಪದರದ ಮೇಲೆ ಕೂತ ಬಿಲ್ಲೆ ಎಷ್ಟು ತಿರುಪಿದರೂ ಕೂತಂತಲ್ಲ. ಎತ್ತಿಡುವ ಮುಂಚೆ ಎಣ್ಣೆ ಸವರುವುದು ಬಯಲಿನ ಊರಿಗಿಂತ ಇಲ್ಲಿ ಹೆಚ್ಚು ಅಗತ್ಯ.

ಜಿಲ್ಲೆಯ ಇನ್ನೊಂದು ಹಲ್ಲಿನ ಯಂತ್ರ ಎಲ್ಲರಿಗೂ ಗೊತ್ತಿರುವ, ಹಲ್ಲಿನ ಹಳಿ ಹಿಡಿದು ಏರುವ ಬೆಟ್ಟದ ರೈಲು. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ಅದು ತಲುಪಿತು. ಅದರ ಎಂಜಿನ್‌ಗಳ ದೊಡ್ಡ ಕೆಲಸ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದ್ದು. ರೈಲ್ವೆ ಕಾರ್ಯಾಗಾರಗಳಲ್ಲಿ ಚಕ್ರಗಳ ಅಂಚನ್ನು ಮರಳಿ ರೂಪಿಸುವ ವೀಲ್ ಲೇತ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು ಉದ್ದನೆಯ ದಪ್ಪ ಬಿಲ್ಲೆಯನ್ನು ನಿಲ್ಲಿಸಿ ಕೂರಿಸಿದ ಹಿಡಿತ. ಕತ್ತರಿಸುವ ಬಲ ಬಿಲ್ಲೆಯ ದಪ್ಪದ ದಿಕ್ಕಿಗಲ್ಲ, ಉದ್ದದ ದಿಕ್ಕಿಗೆ ಹಾಯುವುದರಿಂದ ಬ್ರೇಕ್ ಉಜ್ಜಿ ಗಡಸಾದ ಚಕ್ರದ ಮೈಯನ್ನೂ ಅದು ತಾಳಿಕೊಳ್ಳುತ್ತದೆ.

ಬಿಗಿಯುವ ರೀತಿ

ಬಿಲ್ಲೆ ಬದಲಿಸುವಾಗ ಮೊದಲ ಕೆಲಸ ಪಾಕೆಟನ್ನು ಒರೆಸುವುದು. ಗಾಳಿ ಊದಿದರೆ ಚಿಪ್‌ನ ಸಣ್ಣ ಚೂರು ಮೂಲೆಯೊಳಕ್ಕೇ ಸೇರಬಹುದು, ಬಟ್ಟೆ ಇಲ್ಲವೇ ಮೆತ್ತನೆ ಬ್ರಷ್ ಒಳ್ಳೆಯದು. ಬಿಲ್ಲೆಯನ್ನು ಬೆರಳಿನಿಂದ ಮೂಲೆಗೆ ಒತ್ತಿ ಹಿಡಿದುಕೊಂಡೇ ತಿರುಪಬೇಕು. ಇದು ಬಲು ಸಣ್ಣ ವಿಷಯ, ಆದರೆ ಬಿಲ್ಲೆ ತುಸು ವಾರೆಯಾಗಿ ಕೂತು ಸ್ಕ್ರೂ ಅದನ್ನು ಹಾಗೇ ಬಿಗಿದುಬಿಡುವುದು ಈ ಒಂದು ಬೆರಳಿನ ಕೊರತೆಯಿಂದಲೇ.

ಟಿ-15 ಕೀ ಬಳಸುವ 3.5 ಮಿ.ಮೀ. ಸ್ಕ್ರೂಗೆ ಸುಮಾರು 3 ನ್ಯೂಟನ್ ಮೀಟರ್ ತಿರುಚು ಸಾಕು, 2.5 ಮಿ.ಮೀ. ಸ್ಕ್ರೂಗೆ ಒಂದರ ಆಸುಪಾಸು. 3 ನ್ಯೂಟನ್ ಮೀಟರ್ ಎಂದರೆ 10 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಮೂರು ಕಿಲೋ ತೂಕದಷ್ಟು ಒತ್ತಡ. ಕೀಗೆ ಪೈಪ್ ತೂರಿಸಿ ತಿರುಪುವವರು ಸ್ಕ್ರೂವನ್ನು ಹಿಗ್ಗಿಸಿ, ಮುಂದಿನ ಸಲ ಅದು ಸಡಿಲಗೊಳ್ಳುವಂತೆ ಮಾಡುತ್ತಾರೆ. ಅತಿಯಾಗಿ ತಿರುಪಿದ ಲಿವರ್ ಸ್ಕ್ರೂ ಬಿಲ್ಲೆಯನ್ನು ತೂತಿನಿಂದಲೇ ಸೀಳಬಹುದು. ತಿರುಚು ಅಳೆಯುವ ಕೀಗಳು ದೊಡ್ಡ ಕಾರ್ಖಾನೆಗಳ ಅಸೆಂಬ್ಲಿ ಬೆಂಚಿಗೆ ಮಾತ್ರ ಸೇರಿದವು ಎಂಬ ಭಾವನೆ ಹೋಗಬೇಕು. ಸ್ಕ್ರೂವಿನ ಮರೆಗೆ ತಾಮ್ರದ ಪೇಸ್ಟ್ ಸವರಿದರೆ ಬಿಸಿಗೆ ಅದು ಕಚ್ಚಿಕೊಳ್ಳುವುದಿಲ್ಲ, ಬಿಗಿಯುವಾಗಲೂ ತಿರುಚು ಘರ್ಷಣೆಯಲ್ಲಿ ಕಳೆದುಹೋಗದೆ ಹಿಡಿತಕ್ಕೆ ಸೇರುತ್ತದೆ.

ಸ್ಕ್ರೂ, ಲಿವರ್, ಶಿಮ್ ಇವೆಲ್ಲ ಸವೆದು ಬದಲಾಗಬೇಕಾದವುಗಳು. ಸ್ಕ್ರೂವಿನ ಓರೆ ತಲೆಯಲ್ಲಿ ಒಂದೇ ಮಗ್ಗುಲಿಗೆ ಹೊಳೆಯುವ ತಗ್ಗು ಕಂಡರೆ ಅದರ ಆಯುಸ್ಸು ಮುಗಿದಂತೆ. ಲಿವರ್‌ನ ತಲೆಯಲ್ಲಿ ಬಿಲ್ಲೆಯ ತೂತಿನ ಅಂಚು ಕಚ್ಚಿದ ಗುರುತು ಆಳವಾಗಿದ್ದರೆ ಅದು ಹಿಂದಕ್ಕೆ ಪೂರ್ತಿ ಎಳೆಯುವುದಿಲ್ಲ. ಪಾಕೆಟ್‌ನ ಗೋಡೆಗೆ ನೀಲಿ ಬಣ್ಣ ತೆಳುವಾಗಿ ಸವರಿ, ಹೊಸ ಬಿಲ್ಲೆ ಬಿಗಿದು ಬಿಚ್ಚಿದರೆ ಬಿಲ್ಲೆ ಎಲ್ಲಿ ತಾಗಿತು, ಎಲ್ಲಿ ತಾಗಲಿಲ್ಲ ಎಂಬುದು ತಿಳಿಯುತ್ತದೆ. ಗೋಡೆಯ ಮೇಲ್ತುದಿಯಲ್ಲಿ ಮಾತ್ರ ಬಣ್ಣ ಅಳಿಸಿದ್ದರೆ ಪಾಕೆಟ್ ಬಾಯಿ ತೆರೆದುಕೊಂಡಿದೆ ಎಂದರ್ಥ. ಲೇತ್ ಹೋಲ್ಡರ್ ಆದರೆ ಅದನ್ನು ಬದಿಗಿಡಬೇಕು. ಕಾರ್ಟ್ರಿಜ್, ಅಂದರೆ ಬಿಚ್ಚಿ ಬದಲಿಸಬಲ್ಲ ಸೀಟಿನ ತುಂಡು, ಇರುವ ಮಿಲ್ಲಿಂಗ್ ಕಟರ್ ಆದರೆ ಕೆಟ್ಟ ಸೀಟಿನ ಕಾರ್ಟ್ರಿಜ್ ಒಂದನ್ನೇ ಬದಲಿಸಿ, ಡಯಲ್ ಗೇಜ್ ಇಟ್ಟು ಉಳಿದ ಹಲ್ಲುಗಳ ಎತ್ತರಕ್ಕೆ ಹೊಂದಿಸಿಕೊಳ್ಳಬಹುದು.